ಹೊಡೆದವನೇ ತರಬೇಕು

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಸನಿವೇಲ್ ತಲುಪುವ ತನಕ ನನ್ನ ಮಗ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕ್ಯಾಲ್‌ಟ್ರೇನ್‌ನಲ್ಲಿ ಅದು ಗಂಟೆಗೂ ಮೇಲಿನ ಹಾದಿ. ಹತ್ತು ವರ್ಷದ ಹುಡುಗ, ಸಾಮಾನ್ಯವಾಗಿ ರೈಲು ಹೊರಡುವ ಮೊದಲೇ ಹಸಿವು ಎನ್ನುವವನು, ಅಂದು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ. ತಪ್ಪು ನನ್ನದೇ.

ಆದದ್ದಿಷ್ಟು. ಒರಾಕಲ್ ಪಾರ್ಕಿನಲ್ಲಿ ನಮ್ಮೂರ ಬೇಸ್‌ಬಾಲ್ ತಂಡ ಜೈಂಟ್ಸ್‌ನ ಪಂದ್ಯ. ಜುಲೈ ತಿಂಗಳಾದರೂ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಸ್ವೆಟರ್ ಬೇಕೇ ಬೇಕು. ಎಡಗಡೆಯ ಬೌಂಡರಿ ಗೋಡೆಯ ಹಿಂದೆ ನಾವು ಕೂತಿದ್ದೆವು. ತೊಡೆಯ ಮೇಲೆ ಬೆಳ್ಳುಳ್ಳಿ ಹಾಕಿದ ಫ್ರೆಂಚ್ ಫ್ರೈಸ್, ಮಗನ ಎಡಗೈಯಲ್ಲಿ ಚರ್ಮದ ಗ್ಲೌಸು. ಆ ಗ್ಲೌಸನ್ನು ಅವನು ಎರಡು ವರ್ಷದಿಂದ ಪ್ರತಿ ಪಂದ್ಯಕ್ಕೂ ಹೊತ್ತು ತರುತ್ತಾನೆ. ಒಂದು ಸಲವೂ ಚೆಂಡು ನಮ್ಮ ಕಡೆ ಬಂದಿರಲಿಲ್ಲ. ಅಂದು ಬಂತು. ಜೈಂಟ್ಸ್ ಆಟಗಾರನೊಬ್ಬ ಎತ್ತಿದ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ನಮ್ಮ ಹಿಂದಿನ ಖಾಲಿ ಸೀಟಿಗೆ ಬಡಿದು, ಪುಟಿದು, ಉರುಳಿಕೊಂಡು ನೇರ ನನ್ನ ಕಾಲಿನ ಹತ್ತಿರ. ಬಗ್ಗಿ ಎತ್ತಿಕೊಂಡೆ. ಎತ್ತಿಕೊಂಡವನೇ ಎದ್ದು ನಿಂತು ಮೈದಾನಕ್ಕೆ ಎಸೆದುಬಿಟ್ಟೆ.

ಥ್ರೋ ಮಾತ್ರ ಚೆನ್ನಾಗಿತ್ತು. ನಲವತ್ತೈದರ ಹೆಗಲಿಗೆ ಅಷ್ಟು ದೂರ ಹೋದದ್ದೇ ಹೆಚ್ಚು.

ಸುತ್ತಲಿನವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಗೊಳ್ಳೆಂದು ನಕ್ಕರು. ಹಿಂದಿನ ಸಾಲಿನವನು ಮರುಕದಿಂದ ತಿಳಿಸಿ ಹೇಳಿದ: ಇಲ್ಲಿ ಚೆಂಡು ಸಿಕ್ಕಿದವರದೇ, ಎದುರಾಳಿ ಹೊಡೆದದ್ದಾದರೆ ಎಸೆಯಬಹುದು, ನಮ್ಮವರು ಹೊಡೆದದ್ದನ್ನು ಯಾರಾದರೂ ಎಸೆಯುತ್ತಾರಾ? ಎದುರಾಳಿಯ ಹೋಮ್ ರನ್ನನ್ನು ತಿರಸ್ಕಾರದಿಂದ ವಾಪಸ್ ಎಸೆಯುವುದು ಷಿಕಾಗೋದ ರಿಗ್ಲಿ ಫೀಲ್ಡ್‌ನ ಪ್ರಸಿದ್ಧ ಪದ್ಧತಿ, ಅದು ನನಗೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಕೆಳಗಿದ್ದ ಫೀಲ್ಡರ್ ಚೆಂಡನ್ನು ಎತ್ತಿ ಒಮ್ಮೆ ನಮ್ಮ ಕಡೆ ನೋಡಿದ. ಏನನ್ನಿಸಿತೋ, ಮತ್ತೆ ಪ್ರೇಕ್ಷಕರತ್ತಲೇ ತೂರಿದ. ನಮಗಿಂತ ನಾಲ್ಕು ಸಾಲು ಕೆಳಗೆ ಉಲ್ಲನ್ ಟೋಪಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಎರಡೂ ಕೈಯಲ್ಲಿ ಹಿಡಿದರು. ಹಿಡಿದು, ಹಿಂತಿರುಗಿ ನನ್ನ ಮಗನನ್ನು ನೋಡಿ ಮುಗುಳ್ನಕ್ಕು, ಚೆಂಡನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

'ಅಪ್ಪಾ, ವೈ?' ಅಂದ ಮಗ. ಆಮೇಲಿನ ಮೌನದ ಕಥೆ ಹೇಳಿದ್ದೇನಲ್ಲ.

ಯಾಕೆ ಅಂದರೆ ಏನು ಹೇಳಲಿ? ಅರಸೀಕೆರೆಯ ರಸ್ತೆಯಲ್ಲಿ ಬೆಳೆದವನ ಕೈಗೆ ಚೆಂಡು ಬಂದರೆ ಅದು ಬೌಲರ್ ಕಡೆಗೇ ಹೋಗಬೇಕು. ತಲಾ ಎರಡು ರೂಪಾಯಿ ಹಾಕಿ ತಂದ ಟೆನಿಸ್ ಬಾಲ್ ಒಂದೇ ಒಂದು. ಅದು ಹೋದರೆ ಆಟ ಹೋಯಿತು. ಕಾಂಪೌಂಡ್ ಆಚೆ ಹೊಡೆದರೆ ಸಿಕ್ಸರ್ ಅಲ್ಲ, ಔಟ್. ಮತ್ತು ಹೊಡೆದವನೇ ತರಬೇಕು. ಇದಕ್ಕೆ ಅಪೀಲಿಲ್ಲ. ಎಷ್ಟು ದೊಡ್ಡ ಬ್ಯಾಟ್ಸ್‌ಮನ್ ಆದರೂ ಅವನೇ ಗೇಟಿನ ಮುಂದೆ ನಿಂತು 'ಆಂಟಿ, ಬಾಲ್ ಕೊಡೀ ಆಂಟಿ' ಎಂದು ರಾಗ ಎಳೆಯಬೇಕು. ಉಳಿದವರು ಚರಂಡಿ ಕಟ್ಟೆ ಮೇಲೆ ಕೂತು ಮಜಾ ನೋಡುವುದು. ಮೂಲೆಮನೆ ಅಜ್ಜಿಯ ಕಾಂಪೌಂಡಿಗೆ ಹೋದರೆ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ. ಅವರು ಒಮ್ಮೆ, ಮೂರನೇ ಸಲ ಹೆಂಚು ಒಡೆದ ದಿನ, ಜಗಲಿ ಮೇಲೆ ಈಳಿಗೆಮಣೆ ತಂದಿಟ್ಟುಕೊಂಡು, ನಮ್ಮ ಕಣ್ಣೆದುರೇ ಚೆಂಡನ್ನು ನಿಂಬೆಹಣ್ಣಿನ ಹಾಗೆ ಎರಡು ಹೋಳು ಮಾಡಿ, ಎರಡನ್ನೂ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ತಟ್ಟೆ ವಾಪಸ್ ಬೇಕು ಅಂದಿದ್ದರು.

ಇಲ್ಲಿ ಬೇಲಿ ದಾಟಿದ ಚೆಂಡು ಆಟದ ಪಾಲಿಗೆ ಸತ್ತ ಹಾಗೆ. ಅಂಪೈರ್ ಸೊಂಟದ ಚೀಲದಿಂದ ಇನ್ನೊಂದು ತೆಗೆದುಕೊಡುತ್ತಾನೆ. ಮಣ್ಣಿಗೆ ಒಮ್ಮೆ ತಾಗಿದರೂ ಬದಲಾಯಿಸುತ್ತಾರೆ, ಒಂದೊಂದು ಪಂದ್ಯಕ್ಕೆ ಡಜನ್‌ಗಟ್ಟಲೆ ಖರ್ಚು. ನಮ್ಮಲ್ಲಿ ಚೆಂಡು ಸವೆಯುವುದೇ ಆಟ: ತೊಡೆಗೆ ಉಜ್ಜಬೇಕು, ಒಂದು ಮೈ ಹೊಳೆಯಬೇಕು, ಇನ್ನೊಂದು ಮೈ ಒರಟಾಗಬೇಕು. ಹಾಗಾಗಿ ನಾವು ಚೆಂಡು ಹಿಂತಿರುಗಿಸುತ್ತೇವೆಂದು ಎದೆ ತಟ್ಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮದು ದಾನವಲ್ಲ, ಅನಿವಾರ್ಯ.

ಅಮೆರಿಕದಲ್ಲೂ ಹಿಂದೆ ಹಾಗೇ ಇತ್ತಂತೆ. 1921ರಲ್ಲಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಒಬ್ಬ ಚೆಂಡು ಕೊಡಲ್ಲ ಅಂದದ್ದಕ್ಕೆ ಅವನನ್ನು ಆಚೆ ಹಾಕಿದರು. ಅವನು ಕೋರ್ಟಿಗೆ ಹೋಗಿ 100 ಡಾಲರ್ ಪರಿಹಾರ ಗೆದ್ದ. ಅದಾದ ಒಂದೆರಡು ವರ್ಷಕ್ಕೆ ಫಿಲಡೆಲ್ಫಿಯಾದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಚೆಂಡಿಟ್ಟುಕೊಂಡನೆಂದು ಒಂದು ರಾತ್ರಿ ಜೈಲಿನಲ್ಲಿಟ್ಟಿದ್ದರು. ಮಾರನೇ ದಿನ ನ್ಯಾಯಾಧೀಶರು ಅವನನ್ನು ಬಿಟ್ಟು ಕಳಿಸಿದರು. ಅಲ್ಲಿಂದ ಇಲ್ಲಿಯವರೆಗೆ ಪ್ರೇಕ್ಷಕರ ಕೈ ಸೇರಿದ ಚೆಂಡು ಪ್ರೇಕ್ಷಕರದೇ.

ಸಾಧಾರಣ ಹೋಮ್ ರನ್ ಆದರೆ ಸರಿ, ಮಗುವಿಗೊಂದು ನೆನಪು, ಷೋಕೇಸಿಗೊಂದು ಸಾಮಾನು. ರಗಳೆ ಇರುವುದು ದಾಖಲೆಯ ಚೆಂಡಿನಲ್ಲಿ. ಆಟಗಾರನೊಬ್ಬ ಮೂರು ಸಾವಿರನೇ ಹಿಟ್ಟಿಗೋ (ಚೆಂಡು ಹೊಡೆದು ಬೇಸ್ ಮುಟ್ಟಿದರೆ ಒಂದು ಹಿಟ್), ಒಂದೇ ಋತುವಿನ ಅರವತ್ತೆರಡನೇ ಹೋಮ್ ರನ್ನಿಗೋ ಬಂದು ನಿಂತಾಗ, ಆಮೇಲೆ ಮೋಸವಾಗದಿರಲೆಂದು ಗುರುತು ಹಾಕಿದ ಚೆಂಡನ್ನೇ ಆಟಕ್ಕೆ ಇಳಿಸುತ್ತಾರೆ. ಅಂಥ ಚೆಂಡು ನಿಮ್ಮ ಮಡಿಲಿಗೆ ಬಿದ್ದರೆ? ಹೊಡೆದವನಿಗೆ ಕೊಡಬೇಕೋ, ಹರಾಜಿಗೆ ಹಾಕಬೇಕೋ? ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಈ ಪ್ರಶ್ನೆ ಎತ್ತಿದರೆ ಸಾಕು, ಎಲ್ಲರ ಊಟವೂ ತಣ್ಣಗಾಗುತ್ತದೆ. ಮಾರಬೇಕು ಅನ್ನುವವರೇ ಹೆಚ್ಚು. ಅವರ ಬಾಯಲ್ಲಿ ಮೊದಲು ಬರುವ ಮಾತು, ನಿನಗೆ ಸಿಕ್ಕಿದ್ದು ನಿನ್ನದು. ನಾನು ಕೊಡಬೇಕು ಅನ್ನುವವನು. ಮೈದಾನಕ್ಕೇ ಎಸೆದು ಬಂದವನ ಮಾತಿಗೆ ಅಲ್ಲಿ ಎಷ್ಟು ಬೆಲೆ ಇರುತ್ತದೆ ಅನ್ನುವುದು ಬೇರೆ ವಿಷಯ.

ಈ ಒರಾಕಲ್ ಪಾರ್ಕಿನಲ್ಲೇ, ಅದಕ್ಕೆ ಬೇರೆ ಹೆಸರಿದ್ದ ಕಾಲದಲ್ಲಿ, 2001ರ ಅಕ್ಟೋಬರ್ 7ರಂದು ಬ್ಯಾರಿ ಬಾಂಡ್ಸ್ ಆ ಋತುವಿನ 73ನೇ ಹೋಮ್ ರನ್ ಹೊಡೆದರು, ಅದು ದಾಖಲೆ. ಬಲಗಡೆಯ ಗೋಡೆಯ ಮೇಲೆ ನಿಂತಿದ್ದವರಲ್ಲಿ ಒಬ್ಬನ ಗ್ಲೌಸಿಗೆ ಚೆಂಡು ಬಂತು. ಮರುಕ್ಷಣವೇ ಜನ ಅವನ ಮೇಲೆ ಬಿದ್ದರು. ಧೂಳು ಇಳಿಯುವ ಹೊತ್ತಿಗೆ ಚೆಂಡು ಇನ್ನೊಬ್ಬನ ಕೈಯಲ್ಲಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಕೇಸು ನಡೆಯಿತು. 'ಹಿಡಿಯುವುದು' ಎಂದರೆ ಏನು ಎಂದು ಕಾನೂನಿನ ಪ್ರೊಫೆಸರುಗಳನ್ನು ಕೂರಿಸಿ ಚರ್ಚಿಸಿದರು. 2002ರ ಡಿಸೆಂಬರಿನಲ್ಲಿ ತೀರ್ಪು ಬಂತು: ಇಬ್ಬರಿಗೂ ಸಮಾನ ಹಕ್ಕು, ಚೆಂಡು ಮಾರಿ ದುಡ್ಡು ಹಂಚಿಕೊಳ್ಳಿ. ಹತ್ತು ಲಕ್ಷ ಡಾಲರ್ ಬರುತ್ತದೆಂದು ಮಾತಾಡಿಕೊಂಡಿದ್ದ ಚೆಂಡು ಹರಾಜಿನಲ್ಲಿ 4,50,000ಕ್ಕೆ ಹೋಯಿತು. ಮೊದಲು ಹಿಡಿದವನಿಗೆ ಬಂದ ಪಾಲು ಅವನ ವಕೀಲರ ಫೀಸಿಗೇ ಸಾಲಲಿಲ್ಲ.

ಮೂಲೆಮನೆ ಅಜ್ಜಿ ಇದನ್ನು ಐದು ನಿಮಿಷದಲ್ಲಿ ಮುಗಿಸಿದ್ದರು, ಫೀಸಿಲ್ಲದೆ.

ಊಟದ ಮೇಜಿನ ಗೆಳೆಯರು ಇದಕ್ಕೆ ಬಗ್ಗುವುದಿಲ್ಲ. ಆರನ್ ಜಡ್ಜ್‌ನ 62ನೇ ಹೋಮ್ ರನ್ ಚೆಂಡಿನ ಮಾತೆತ್ತುತ್ತಾರೆ, ಎರಡು ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ದಾಖಲೆ ಅದು. 2022ರ ಅಕ್ಟೋಬರಿನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಅದನ್ನು ಹಿಡಿದವನಿಗೆ ಯಾರೋ ಮೂವತ್ತು ಲಕ್ಷ ಡಾಲರ್ ಕೊಡುತ್ತೇವೆ ಎಂದರು. ಒಲ್ಲೆ ಎಂದು ಹರಾಜಿಗೆ ಹಾಕಿದ. ಹದಿನೈದು ಲಕ್ಷ ಬಂತು. ರಿಂಗ್ ರೋಡ್ ಪಕ್ಕದ ಸೈಟಿಗೆ ಇನ್ನೂ ರೇಟು ಏರುತ್ತದೆಂದು ಕಾದು ಕೂತ ನಮ್ಮ ಸೋದರಮಾವನ ನೆನಪಾಯಿತು ನನಗೆ. ಇದೇ ಜಡ್ಜ್‌ನ ಹಿಂದಿನ ಚೆಂಡು, 61ನೆಯದು, ಟೊರಾಂಟೋದಲ್ಲಿ ಎದುರಾಳಿ ತಂಡದ ಬುಲ್‌ಪೆನ್ನಿಗೆ, ಅಂದರೆ ಬೌಲರುಗಳು ಕೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ, ಬಿದ್ದಿತ್ತು. ಅಲ್ಲಿದ್ದ ಕೋಚ್ ಅದನ್ನು ತಡಮಾಡದೆ ಜಡ್ಜ್‌ನ ತಂಡವಾದ ನ್ಯೂಯಾರ್ಕಿನ ಯಾಂಕೀಸ್ ಆಟಗಾರನ ಕೈಗೆ ತಲುಪಿಸಿದರು, ಜಡ್ಜ್ ಅಮ್ಮನಿಗೆ ಕೊಟ್ಟ. ಅಮ್ಮನ ಕೈ ಸೇರಿದ ಚೆಂಡಿಗೂ ಹರಾಜಿನ ಕೋಣೆ ಸೇರಿದ ಚೆಂಡಿಗೂ ಇರುವ ವ್ಯತ್ಯಾಸವನ್ನು ನಾನು ಇನ್ನೇನು ಬಿಡಿಸಿ ಹೇಳಲಿ.

ನನಗೆ ಬಹಳ ಇಷ್ಟವಾದ ಕಥೆ ಹಳೆಯದು. 1961ರ ಅಕ್ಟೋಬರ್ 1. ಯಾಂಕೀಸ್‌ನ ರೋಜರ್ ಮ್ಯಾರಿಸ್ ಆ ಋತುವಿನ 61ನೇ ಹೋಮ್ ರನ್ ಹೊಡೆದು ಬೇಬ್ ರೂತ್‌ನ ದಾಖಲೆ ದಾಟಿದ ದಿನ. ಚೆಂಡು ಹಿಡಿದವನು ಹತ್ತೊಂಬತ್ತರ ಹುಡುಗ, ಮದುವೆ ಗೊತ್ತಾಗಿದ್ದವನು. ಚೆಂಡನ್ನು ಸುಮ್ಮನೆ ಮ್ಯಾರಿಸ್‌ಗೆ ಕೊಡುತ್ತೇನೆ ಎಂದ. ಮ್ಯಾರಿಸ್ ಬೇಡ ಎಂದರು, ನೀನೇ ಇಟ್ಟುಕೊ, ಒಂದಿಷ್ಟು ದುಡ್ಡು ಮಾಡಿಕೊ ಎಂದರು. ಕ್ಯಾಲಿಫೋರ್ನಿಯಾದ ಒಬ್ಬ ಹೋಟೆಲ್ ಮಾಲೀಕ ಆ ಹುಡುಗನಿಗೆ 5,000 ಡಾಲರ್ ಕೊಟ್ಟು ಕೊಂಡುಕೊಂಡ. ಕೊಂಡವನು ಕೊನೆಗೆ ಅದನ್ನು ಮ್ಯಾರಿಸ್‌ಗೇ ಕೊಟ್ಟ. ನಾವು ಕುಂಕುಮಕ್ಕೆ ಕರೆದು ಕೊಟ್ಟ ಬ್ಲೌಸ್ ಪೀಸು ಊರೆಲ್ಲ ಸುತ್ತಿ, ಮಡಿಕೆಯೂ ಮಾಸದೆ, ಗೌರಿ ಹಬ್ಬಕ್ಕೆ ಮತ್ತೆ ನಮ್ಮ ಮನೆಗೇ ಬಂದ ಹಾಗೆ. ಈಗ ಆ ಚೆಂಡು ಕೂಪರ್ಸ್‌ಟೌನಿನ ಬೇಸ್‌ಬಾಲ್ ಮ್ಯೂಸಿಯಂನಲ್ಲಿದೆ. ಕೊಡುವವನೂ ತೆಗೆದುಕೊಳ್ಳುವವನೂ ಬೇಡ ಬೇಡ ಎನ್ನುತ್ತಾ ಕೈ ತಳ್ಳುವ ಆ ಆಟ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಮಕ್ಕಳ ಜೇಬಿಗೆ ನೋಟು ತುರುಕುವಾಗ ನೋಡಿದ್ದೆ. ಯಾಂಕೀ ಸ್ಟೇಡಿಯಮ್ಮಿನಲ್ಲೂ ಅದು ನಡೆದಿತ್ತೆಂದು ಓದಿದಾಗ ಸಂತೋಷವಾಯಿತು.

2011ರ ಜುಲೈನಲ್ಲಿ ಯಾಂಕೀಸ್‌ನ ಡೆರೆಕ್ ಜೀಟರ್‌ನ 3,000ನೇ ಹಿಟ್ ಹೋಮ್ ರನ್ನೇ ಆಯಿತು. ಚೆಂಡು ಸಿಕ್ಕಿದ್ದು ಮೊಬೈಲ್ ಮಾರುವ ಕೆಲಸದಲ್ಲಿದ್ದ ಇಪ್ಪತ್ಮೂರರ ಯುವಕನಿಗೆ, ತಲೆಯ ಮೇಲೆ ಓದಿನ ಸಾಲ ಬೇರೆ. ಏನೂ ಕೇಳದೆ ಜೀಟರ್ ಕೈಗಿಟ್ಟ. ಯಾಂಕೀಸ್‌ನವರು ಅವನಿಗೆ ಋತು ಪೂರ್ತಿ ಒಳ್ಳೊಳ್ಳೆಯ ಸೀಟು, ಸಹಿ ಹಾಕಿದ ಬ್ಯಾಟು, ಜರ್ಸಿ ಕೊಟ್ಟರು. ನಮ್ಮ ಕಣ್ಣಿಗೆ ಇದು ಮುಯ್ಯಿ. ಇಲ್ಲಿನ ಲೆಕ್ಕಿಗರ ಕಣ್ಣಿಗೆ ಆದಾಯ. ಅದಕ್ಕೆ ಸಾವಿರಾರು ಡಾಲರ್ ತೆರಿಗೆ ಬೀಳಬಹುದೆಂದು ಟೀವಿಯಲ್ಲಿ ಚರ್ಚೆ ಶುರುವಾಯಿತು, ಒಂದು ಬಿಯರ್ ಕಂಪನಿ ನಾವು ಕಟ್ಟುತ್ತೇವೆ ಎಂದು ಮುಂದೆ ಬಂತು. ಅದಕ್ಕೂ ಹಿಂದೆ, 1998ರಲ್ಲಿ, ಚೆಂಡನ್ನು ಬಿಟ್ಟಿಯಾಗಿ ಹಿಂತಿರುಗಿಸಿದವನ ಮೇಲೂ ಕೊಡುಗೆ ತೆರಿಗೆ ಬರಬಹುದು ಎಂಬ ಮಾತು ತೆರಿಗೆ ಇಲಾಖೆಯ ಕಡೆಯಿಂದ ಹೊರಟು, ಜನ ರೇಗಿ, ಕೊನೆಗೆ ಇಲಾಖೆ ಹಾಗೇನಿಲ್ಲ ಎಂದು ಸ್ಪಷ್ಟನೆ ಕೊಡಬೇಕಾಯಿತು. ನಮ್ಮಮ್ಮನ ಟ್ರಂಕಿನಲ್ಲಿರುವ ಮುಯ್ಯಿ ಪುಸ್ತಕ ಇವರ ಕೈಗೆ ಸಿಕ್ಕರೆ ನಮ್ಮ ಇಡೀ ವಂಶ ಅಪರಾಧಿ.

ಒಂದು ಮಾತು ಗಮನಿಸಿ. ಮ್ಯಾರಿಸ್ ಆ ಹುಡುಗನ ಎದುರು ನಿಂತು ಮಾತಾಡಿದ್ದರು. ಜೀಟರ್ ಸಹ ಎದುರಿಗೇ ಕೈ ಚಾಚಿ ತೆಗೆದುಕೊಂಡ. ಈಗ ಹಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಜಪಾನಿನ ಆಟಗಾರ ಶೊಹೆ ಓಟಾನಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಪರ ಮೊದಲ ಹೋಮ್ ರನ್ ಹೊಡೆದ, ಅದೂ ನಮ್ಮ ಜೈಂಟ್ಸ್ ವಿರುದ್ಧ. ಚೆಂಡು ಸಿಕ್ಕಿದ ಮಹಿಳೆಯನ್ನು ಸೆಕ್ಯುರಿಟಿಯವರು ಸುತ್ತುವರಿದರಂತೆ. ಕೊಡದಿದ್ದರೆ ಇದು ಅಸಲಿ ಎಂದು ಪ್ರಮಾಣೀಕರಿಸುವುದೇ ಇಲ್ಲ ಎಂದರಂತೆ. ಎರಡು ಟೋಪಿ, ಒಂದು ಬ್ಯಾಟು, ಒಂದು ಸಹಿ ಹಾಕಿದ ಚೆಂಡು ಕೊಟ್ಟು ಕಳಿಸಿದರು. ಓಟಾನಿಯ ಮುಖ ಕೂಡ ಆಕೆಗೆ ನೋಡಸಿಗಲಿಲ್ಲ. ಆಮೇಲೆ ಗಲಾಟೆಯಾದ ಮೇಲೆ ತಂಡದವರು ಆಕೆಯನ್ನು ಕರೆದು ಸಮಾಧಾನ ಮಾಡಿದರು, ಅದು ಬೇರೆ. ಇದಕ್ಕೂ ಹಳೆಯದು ಹ್ಯಾಂಕ್ ಆರನ್‌ನ 755ನೇ, ಅಂದರೆ ಅವರ ಆಟದ ಬದುಕಿನ ಕಟ್ಟಕಡೆಯ ಹೋಮ್ ರನ್. 1976ರ ಜುಲೈ, ಮಿಲ್ವಾಕೀ. ಚೆಂಡು ಎತ್ತಿಕೊಂಡವನು ಮೈದಾನ ನೋಡಿಕೊಳ್ಳುವ ಕೆಲಸಗಾರ. ಆರನ್‌ಗೆ ನಾನೇ ಕೈಯಾರೆ ಕೊಡುತ್ತೇನೆ ಎಂದ. ಆಗಲ್ಲ, ನಮಗೆ ಕೊಡು ಎಂದರು ತಂಡದವರು. ಕೊಡಲಿಲ್ಲ. ಕೆಲಸದಿಂದ ತೆಗೆದರು, ಸಂಬಳದಲ್ಲಿ ಚೆಂಡಿನ ಬಾಬ್ತು ಐದು ಡಾಲರ್ ಹಿಡಿದುಕೊಂಡರು. 1999ರಲ್ಲಿ ಅವನು ಆ ಚೆಂಡು ಮಾರಿದ್ದು 6,50,000 ಡಾಲರಿಗೆ. ಒಂದು ಸಲ ಹೊಡೆದವನ ಕೈ ಕುಲುಕಲು ಬಿಟ್ಟಿದ್ದರೆ ಚೆಂಡು ಅಂದೇ ಬರುತ್ತಿತ್ತು.

ಹಾಗಾಗಿ ನನ್ನ ತೀರ್ಪು ಅರಸೀಕೆರೆಯದು: ಚೆಂಡು ಕೊಡಬೇಕು, ಆದರೆ ಹೊಡೆದವನೇ ತರಬೇಕು. ಟೈ ಕಟ್ಟಿದ ಮ್ಯಾನೇಜರು ಬರಬಾರದು, ವಾಕಿಟಾಕಿಯವರು ಬರಬಾರದು. ಪಂದ್ಯ ಮುಗಿದ ಮೇಲೆ, ಸ್ನಾನ ಮಾಡಿ, ಆ ಕೋಟಿಗಟ್ಟಲೆ ಒಪ್ಪಂದದ ಒಡೆಯ ತಾನೇ ಮೆಟ್ಟಿಲು ಹತ್ತಿ ಬಂದು 'ಆಂಟಿ, ಬಾಲ್ ಕೊಡಿ' ಎಂದು ಕೇಳಬೇಕು. ಆಗ ಕೊಡದವರು ಯಾರಿದ್ದಾರೆ, ನೋಡೋಣ.

ಇದನ್ನು ಬೆಂಗಳೂರಿನ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಆಕಳಿಸಿದ. ಅವನ ತಲೆಯಲ್ಲಿ ಇರುವುದು ಒಂದೇ ಚೆಂಡು. 2024ರ ಮೇ 18ರ ರಾತ್ರಿ, ಚಿನ್ನಸ್ವಾಮಿ, ಕೊನೆಯ ಓವರ್. ಚೆನ್ನೈ ಪ್ಲೇಆಫ್‌ಗೆ ಹೋಗಲು 17 ರನ್ ಬೇಕು. ಮೊದಲ ಎಸೆತವನ್ನೇ ಧೋನಿ 110 ಮೀಟರ್ ಬಾರಿಸಿದ, ಚೆಂಡು ಕ್ರೀಡಾಂಗಣದ ಆಚೆ ಹೋಯಿತು. ಮಳೆಗೆ ನೆಂದು ಜಾರುತ್ತಿದ್ದ ಆ ಚೆಂಡಿನ ಬದಲು ಒಣಗಿದ ಇನ್ನೊಂದು ಬಂತು. ಮುಂದಿನ ಎಸೆತಕ್ಕೇ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದ, ನಮ್ಮವರು ಒಳಗೆ. ಅಣ್ಣ ಇವತ್ತಿಗೂ ಆ ಸಿಕ್ಸರಿಗೆ ಕೈ ಮುಗಿಯುತ್ತಾನೆ.

'ಆ ಆಚೆ ಹೋದ ಚೆಂಡು ಯಾರಿಗೆ ಸಿಕ್ತಂತೆ?' ಎಂದು ಕೇಳಿದೆ.

'ಯಾವನಿಗೆ ಗೊತ್ತೋ. ಯಾವನೋ ಆಟೋದವನಿಗೆ ಸಿಕ್ಕಿರುತ್ತೆ, ಮಗೂಗೆ ಆಡಕ್ಕೆ ಕೊಟ್ಟಿರ್ತಾನೆ.'

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ. ಆ ರಾತ್ರಿ ಮುನ್ನೂರು ಮೆಸೇಜು ಬಂದಿದ್ದವು, ಒಬ್ಬರೂ ಆ ಚೆಂಡಿನ ಬಗ್ಗೆ ಕೇಳಿರಲಿಲ್ಲ. ಇದನ್ನು ಮೆಚ್ಚಬೇಕೋ ಬೈಯಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಇಲ್ಲಿ ಹಳೆಯ ಬಾಸ್ಕೆಟ್‌ಬಾಲ್ ಬೂಟಿಗೂ ಗಾಜಿನ ಪೆಟ್ಟಿಗೆ ಮಾಡಿಡುತ್ತಾರೆ. ನಾವು ಎಂಥೆಂಥ ಆಟಗಾರರನ್ನು ಕೊಟ್ಟ ನಾಡಿನವರು, ನಮ್ಮ ಮನೆಯ ಹಳೇ ಸ್ಕೋರ್ ಪುಸ್ತಕಗಳು ಗುಜರಿಗೆ ಹೋಗುವಾಗ ನಾವೇ ತೂಕ ಹಾಕಿಸಿ ಕೊಟ್ಟಿದ್ದೇವೆ, ಕೇಜಿಗೆ ನಾಲ್ಕು ರೂಪಾಯಿಯಂತೆ. ಆದರೂ ಆಟೋದವನ ಮಗು ಆ ಚೆಂಡಿನಲ್ಲಿ ಗೋಡೆಗೆ ಹೊಡೆದುಕೊಂಡು ಆಡುತ್ತಿರುವುದನ್ನು ನೆನೆಸಿಕೊಂಡರೆ, ಯಾಕೋ, ನನಗೆ ಹರಾಜು ಬೇಡ ಅನ್ನಿಸುತ್ತದೆ.

ಇಷ್ಟೆಲ್ಲ ಬರೆದು ನನ್ನವಳಿಗೆ ಓದಲು ಕೊಟ್ಟೆ. ಅವಳು ದೋಸೆ ಹುಯ್ಯುತ್ತಾ ಓದಿದಳು. ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: 'ಓಟಾನಿ ಅದೇನೋ ಐವತ್ತು-ಐವತ್ತು ಮಾಡಿದ ಚೆಂಡು ಎಷ್ಟಕ್ಕೆ ಹೋಯ್ತು ಅಂದ್ರಿ?'

ಒಂದೇ ಋತುವಿನಲ್ಲಿ ಐವತ್ತು ಹೋಮ್ ರನ್, ಐವತ್ತು ಬಾರಿ ಬೇಸ್ ಕದ್ದ ಸಾಧನೆಯ ಚೆಂಡು. ನಲವತ್ಮೂರು ಲಕ್ಷ ತೊಂಬತ್ತೆರಡು ಸಾವಿರ ಡಾಲರ್. 2024ರ ಸೆಪ್ಟೆಂಬರಿನಲ್ಲಿ ಮಯಾಮಿಯಲ್ಲಿ ಬಿದ್ದದ್ದು, ತೈವಾನಿನ ಕಂಪನಿಯೊಂದು ಕೊಂಡಿತು. ಅದರ ಮೇಲೂ ನಂದು ನಂದು ಎಂದು ಕೇಸು ಬಿದ್ದಿತ್ತು.

'ನಮ್ಮ ಮನೆ ಲೋನು ಎಷ್ಟಿದೆ?'

ಹೇಳಿದೆ. ಹೇಳುವಾಗ ನನ್ನ ಧ್ವನಿ ಸ್ವಲ್ಪ ಸಣ್ಣಗಾಯಿತು.

'ಓಟಾನಿ ಒಪ್ಪಂದ ಎಪ್ಪತ್ತು ಕೋಟಿ ಡಾಲರ್ ಅಂತ ನೀವೇ ಹೇಳಿದ್ರಿ. ಅವನು ಮೆಟ್ಟಿಲು ಹತ್ತಿ ಬಂದು ಆಂಟಿ ಅಂತ ಕರೆದ್ರೆ ಕೊಟ್ಟುಬಿಡ್ತೀರಾ?'

ಕೊಡುತ್ತೇನೆ ಎಂದೆ. ಆಮೇಲೆ, ಕೊಡುತ್ತಿದ್ದೆ ಅನ್ನಿಸುತ್ತದೆ ಎಂದೆ. ದೋಸೆ ಮಗುಚಿ ಹಾಕಿದಳು. ಬಡ್ಡಿ ಕಟ್ಟುವವನ ಹೆಂಡತಿಗೆ ಮ್ಯಾರಿಸ್ ಕಥೆ ಹೇಳಿ ಗೆಲ್ಲಲು ಆಗುವುದಿಲ್ಲ, ಮತ್ತು ಆ ಕಥೆಯಲ್ಲೂ ಹುಡುಗನಿಗೆ 5,000 ಡಾಲರ್ ಸಿಕ್ಕಿತ್ತು ಎಂಬುದನ್ನು ಅವಳು ಮರೆತಿರಲಿಲ್ಲ. ಓದಿನ ಸಾಲ ಹೊತ್ತು ಜೀಟರ್‌ಗೆ ಚೆಂಡು ಕೊಟ್ಟ ಆ ಹುಡುಗ ನನಗಿಂತ ದೊಡ್ಡವನು, ಒಪ್ಪಿದೆ. ಆದರೆ ಕೊಡದವನನ್ನು ಸಣ್ಣವನು ಎನ್ನಲು ನನಗೆ ಈಗ ಮೊದಲಿನಷ್ಟು ಧೈರ್ಯವಿಲ್ಲ.

ಬರುವ ಶನಿವಾರ ಮತ್ತೆ ಪಂದ್ಯವಿದೆ. ಸೀಟು ಆರಿಸಿದ್ದು ಮಗ: ಅವನು ತುದಿಗೆ, ನಾನು ಒಳಗೆ. ಅವನ ಬ್ಯಾಗಿಗೆ ಗ್ಲೌಸು, ಚಿತ್ರಾನ್ನದ ಡಬ್ಬಿ ತುಂಬುತ್ತಾ ಅವನಮ್ಮ ಹೇಳುತ್ತಿರುವುದು ಕೇಳಿಸುತ್ತಿದೆ: 'ಬಾಲ್ ಬಂತು ಅಂದ್ರೆ ಮೊದಲು ಅಪ್ಪನ ಕೈ ಹಿಡ್ಕೋ.'